ರಿಪ್ಲೆ ಪಟ್ಟಣದ ನದೀತೀರದ ಬೀದಿ ಮತ್ತು ಒಂದು ಸುಟ್ಟ ದಿನಚರಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಒಹಾಯೊ ಪ್ರಾಂತದಲ್ಲಿ, ಅದೇ ಹೆಸರಿನ ನದಿಯ ಉತ್ತರ ದಡದ ಮೇಲೆ ರಿಪ್ಲೆ ಎಂಬ ಸಣ್ಣ ಪಟ್ಟಣವಿದೆ. 1812ರಲ್ಲಿ ವರ್ಜೀನಿಯದ ಜೇಮ್ಸ್ ಪೋಗ್ ಎಂಬಾತನು ಇದನ್ನು ಸ್ಟಾಂಟನ್ ಎಂಬ ಹೆಸರಿನಿಂದ ಸ್ಥಾಪಿಸಿದನು. 1816ರಲ್ಲಿ ಈಗಿನ ಹೆಸರು ಬಂದಿತು. ಇಲ್ಲಿಯ ಹಳೆಯ ಬೀದಿಗಳು 1985ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯನ್ನು ಸೇರಿದುವು. ಎದುರು ದಡವೇ ಕೆಂಟಕಿ. ಅಲ್ಲಿ 1865ರ ವರೆಗೆ ಗುಲಾಮಗಿರಿಯು ಶಾಸನಸಮ್ಮತವಾಗಿದ್ದಿತು. ಈಚೆ ದಡದಲ್ಲಿ ನಿಷಿದ್ಧವಾಗಿದ್ದಿತು. ಆದುದರಿಂದ ಈ ಬೀದಿಗಳ ಚರಿತ್ರೆಯು ಬಹುಮಟ್ಟಿಗೆ ನದಿಯನ್ನು ದಾಟಿ ಬಂದವರ ಚರಿತ್ರೆಯಾಗಿದೆ.

ಊರ ಹಿಂದಣ ಗುಡ್ಡದ ಮೇಲೆ ಪಾದ್ರಿ ಜಾನ್ ರ‍್ಯಾಂಕಿನನ ಮನೆಯಿದೆ. ಓಡಿಬಂದವರಿಗೆ ಗುರುತಾಗಲೆಂದು ಅದರ ಕಿಟಕಿಯಲ್ಲಿ ದೀಪವನ್ನಿಡುತ್ತಿದ್ದರೆಂದು ಐತಿಹ್ಯ. ರ‍್ಯಾಂಕಿನನು ಗುಲಾಮಗಿರಿಯನ್ನು ಖಂಡಿಸಿ ತನ್ನ ಸೋದರನಿಗೆ ಬರೆದ ಪತ್ರಗಳು 1826ರಲ್ಲಿಯೇ ಪುಸ್ತಕವಾದುವು. ಮನೆಯನ್ನು ಒಹಾಯೊ ಸರಕಾರವು 1938ರಲ್ಲಿ ಕೊಂಡಿತು. ಆತನ ಕೀರ್ತಿಗೆ ಲಿಖಿತಾಧಾರದ ಕೊರತೆಯಿಲ್ಲ.

ಕೆಳಗೆ, ನದೀತೀರದ ಬೀದಿಯಲ್ಲಿ ವಾಸವಾಗಿದ್ದ ಜಾನ್ ಪಾರ್ಕರನ ಸಂಗತಿ ಬೇರೆ. 1827ರಲ್ಲಿ ಗುಲಾಮನಾಗಿಯೇ ಹುಟ್ಟಿದ ಈತನು ಎರಕದ ಕೆಲಸವನ್ನು ಕಲಿತು, 1845ರಲ್ಲಿ 1,800 ಡಾಲರು ತೆತ್ತು ತನ್ನನ್ನು ತಾನೇ ಕೊಂಡುಕೊಂಡನು. ರಿಪ್ಲೆಯಲ್ಲಿ ಹಗಲು ಕಬ್ಬಿಣದ ಕೆಲಸ, ರಾತ್ರಿ ಕೆಂಟಕಿಯ ದಡಕ್ಕೆ ದೋಣಿ. ರ‍್ಯಾಂಕಿನನ ಮನೆ ಬಂದವರಿಗೆ ಆಶ್ರಯವಾಯಿತು. ಪಾರ್ಕರನಾದರೋ ಹೋಗಿ ಕರೆತಂದನು. ಈ ಭೇದವನ್ನು ಗಮನಿಸತಕ್ಕದ್ದು.

ತಾನು ಪಾರುಗಾಣಿಸಿದವರ ಹೆಸರು, ದಿನ, ಸಂದರ್ಭಗಳನ್ನು ಆತನು ಒಂದು ದಿನಚರಿಯಲ್ಲಿ ಬರೆದಿಟ್ಟಿದ್ದನಂತೆ, ಸಂಖ್ಯೆ 315. ಆದರೆ 1850ರ ಕಾಯಿದೆಯು ಇಂತಹ ಸಹಾಯಕ್ಕೆ ಸಾವಿರ ಡಾಲರುಗಳ ವರೆಗೆ ದಂಡವನ್ನೂ ಆರು ತಿಂಗಳ ವರೆಗೆ ಸೆರೆವಾಸವನ್ನೂ ವಿಧಿಸಿತು. ಆ ಬರೆಹವೇ ತನಗೆ ವಿರುದ್ಧ ಸಾಕ್ಷಿಯಾದೀತೆಂದು ಅದನ್ನು ಕುಲುಮೆಗೆ ಹಾಕಿದುದಾಗಿ ಆತನೇ ಮುಂದೆ ಹೇಳಿದ್ದಾನೆ. ಕೇಳಿ ಬರೆದುಕೊಂಡವನು ಫ್ರ್ಯಾಂಕ್ ಗ್ರೆಗ್ ಎಂಬ ಪತ್ರಿಕೋದ್ಯೋಗಿ, 1880ರ ದಶಕದಲ್ಲಿ. ಆ ಹಸ್ತಪ್ರತಿಯು ಡ್ಯೂಕ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿದ್ದು, 1996ರಲ್ಲಿ ಮುದ್ರಿತವಾಯಿತು. ಮುದುಕನ ನೆನಪು, ಇನ್ನೊಬ್ಬನ ಲೇಖನಿ. ಸಂಖ್ಯೆಯನ್ನು ಅಕ್ಷರಶಃ ಒಪ್ಪಬೇಕೆಂದು ನಾನು ವಾದಿಸೆನು. ಆದರೆ ಸಮಕಾಲೀನ ದಾಖಲೆಯಿಲ್ಲವೆಂಬ ಕಾರಣದಿಂದಲೇ ಇದನ್ನು ತಳ್ಳಿಬಿಡುವುದು ಯುಕ್ತವಲ್ಲ. ಇಲ್ಲಿ ದಾಖಲೆಯ ಅಭಾವಕ್ಕೆ ಆ ಕಾಯಿದೆಯೇ ಕಾರಣವಾಗಿದೆ. ವಿಚಿತ್ರವೆಂದರೆ, ಹೊಗೆಸೊಪ್ಪಿನ ಒತ್ತುಯಂತ್ರಗಳಿಗಾಗಿ ಆತನು 1884, 1885ರಲ್ಲಿ ಪಡೆದ ಪೇಟೆಂಟುಗಳು ಸರಕಾರದ ಕಡತದಲ್ಲಿ ಭದ್ರವಾಗಿವೆ!

ಪಾರ್ಕರನು 1900ರಲ್ಲಿ ತೀರಿಕೊಂಡನು. ಗುಡ್ಡದ ಮೇಲಣ ಮನೆಯೂ ನದೀತೀರದ ಆತನ ಮನೆಯೂ 1997ರಲ್ಲಿ ಒಟ್ಟಿಗೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳೆಂದು ಘೋಷಿತವಾದುವು.