ಚರ್ಮದ ಮೂಲಕ ಪಿತ್ತನಾಳ ಚಿತ್ರಣ

ಚರ್ಮದ ಮೂಲಕ ಪಿತ್ತನಾಳ ಚಿತ್ರಣ (ಪಿಟಿಸಿ) ಎಂಬುದು ಯಕೃತ್ತಿನೊಳಗಿನ ಪಿತ್ತನಾಳಕ್ಕೆ ಹೊರಗಿನಿಂದ ಸೂಜಿ ತೂರಿಸಿ, ಅಯೋಡಿನ್‌ಯುಕ್ತ ದ್ರವವನ್ನು ಹಾಯಿಸಿ, ಕ್ಷ-ಕಿರಣದ ನೆರವಿನಿಂದ ನಾಳಗಳ ಚಿತ್ರ ಪಡೆಯುವ ವೈದ್ಯಕೀಯ ವಿಧಾನ. ಅದೇ ದಾರಿಯಲ್ಲಿ ಕ್ಯಾತಿಟರ್ ಎಂಬ ಕೊಳವೆಯನ್ನಿರಿಸಿ, ಕಟ್ಟಿಕೊಂಡ ಪಿತ್ತರಸವನ್ನು ಹರಿಯಬಿಡುವ ಚಿಕಿತ್ಸೆಗೆ ಪಿಟಿಬಿಡಿ ಎಂದು ಹೆಸರು. ರೋಗಪತ್ತೆಗಾಗಿ ಆರಂಭವಾದ ಈ ವಿಧಾನವು ಇಂದು ಹೆಚ್ಚಾಗಿ ಚಿಕಿತ್ಸೆಗೆ ಬಳಕೆಯಾಗುತ್ತದೆ.

ಹಿನ್ನೆಲೆ

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವು ಪಿತ್ತನಾಳಗಳ ಮೂಲಕ ಸಣ್ಣ ಕರುಳನ್ನು ಸೇರುತ್ತದೆ. ಪಿತ್ತದ ಕಲ್ಲು, ಪಿತ್ತನಾಳದ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಶಸ್ತ್ರಚಿಕಿತ್ಸೆಯ ಬಳಿಕ ನಾಳ ಕಿರಿದಾಗುವುದು ಮೊದಲಾದ ಕಾರಣಗಳಿಂದ ಹರಿವಿಗೆ ತಡೆಯುಂಟಾದರೆ ಕಾಮಾಲೆ ತಲೆದೋರುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಮಲ ಬಿಳಿಚಿಕೊಳ್ಳುವುದು ಮತ್ತು ಮೈ ತುರಿಕೆ ಇದರ ಲಕ್ಷಣಗಳು. ನಿಂತ ಪಿತ್ತರಸಕ್ಕೆ ಸೋಂಕು ತಗುಲಿದಾಗ ನಡುಕದೊಂದಿಗೆ ಜ್ವರ ಬರುತ್ತದೆ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಾಪಾಯವಿದೆ. ತೀವ್ರ ಸ್ಥಿತಿಯಲ್ಲಿ ಔಷಧವೊಂದೇ ಸಾಲದೆ, ತಡೆಯನ್ನು ದಾಟಿಸಿ ಪಿತ್ತರಸಕ್ಕೆ ದಾರಿ ಮಾಡಿಕೊಡಬೇಕಾಗುತ್ತದೆ.

ಇತಿಹಾಸ

1937ರಲ್ಲಿ ಹನೋಯ್ ನಗರದ ವೈದ್ಯರಾದ ಪಿಯೆರ್ ಉವಾರ್ ಮತ್ತು ಡೊ ಶ್ವಾನ್ ಹೊಪ್ ಈ ವಿಧಾನವನ್ನು ಮೊದಲಿಗೆ ವರದಿ ಮಾಡಿದರು. ಆರಂಭದಲ್ಲಿ ದಪ್ಪ ಸೂಜಿಗಳನ್ನು ಬಳಸುತ್ತಿದ್ದುದರಿಂದ ರಕ್ತಸ್ರಾವ ಹಾಗೂ ಪಿತ್ತರಸ ಸೋರಿಕೆಯ ಭೀತಿಯಿತ್ತು. ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಬಾಗುವ ತೆಳು ಸೂಜಿಯು 1970ರ ದಶಕದಲ್ಲಿ ಪರೀಕ್ಷೆಯನ್ನು ಹೆಚ್ಚು ಸುರಕ್ಷಿತಗೊಳಿಸಿತು. ಇದು ‘ಚಿಬಾ ಸೂಜಿ’ ಎಂದೇ ಪ್ರಸಿದ್ಧ. ಮುಂದೆ ಅಲ್ಟ್ರಾಸೌಂಡ್, ಸಿಟಿ ಮತ್ತು ಎಂಆರ್‌ಐ ಚಿತ್ರಣಗಳು ಸೂಜಿಯಿಲ್ಲದೆಯೇ ನಾಳಗಳನ್ನು ತೋರಿಸತೊಡಗಿದ್ದರಿಂದ, ಕೇವಲ ರೋಗಪತ್ತೆಗಾಗಿ ಪಿಟಿಸಿ ಮಾಡುವುದು ವಿರಳವಾಯಿತು.

ವಿಧಾನ

ಕರುಳಿಗೆ ಪಿತ್ತರಸ ತಲುಪದಿದ್ದಾಗ ಕೆ ಜೀವಸತ್ವವು ಸರಿಯಾಗಿ ಹೀರಲ್ಪಡುವುದಿಲ್ಲ. ಇದರಿಂದ ರಕ್ತ ಹೆಪ್ಪುಗಟ್ಟುವಿಕೆ ನಿಧಾನವಾಗಬಹುದು. ಆದ್ದರಿಂದ ಮೊದಲು ರಕ್ತಪರೀಕ್ಷೆ ನಡೆಸಿ, ಅಗತ್ಯವಿದ್ದರೆ ಈ ಕೊರತೆಯನ್ನು ಸರಿಪಡಿಸಲಾಗುತ್ತದೆ. ಸೋಂಕು ತಡೆಯಲು ಪ್ರತಿಜೀವಕಗಳನ್ನೂ ನೀಡುತ್ತಾರೆ.

ಸ್ಥಳೀಯ ಅರಿವಳಿಕೆಯ ನಂತರ ಬಲ ಪಕ್ಕೆಲುಬುಗಳ ನಡುವಿನಿಂದ ಅಥವಾ ಎದೆಮೂಳೆಯ ಕೆಳಭಾಗದಿಂದ ಸೂಜಿಯನ್ನು ಪಿತ್ತನಾಳಕ್ಕೆ ಸೇರಿಸಲಾಗುತ್ತದೆ. ಚಿತ್ರದಲ್ಲಿ ತಡೆಯಿರುವ ಸ್ಥಳವನ್ನು ಗುರುತಿಸಿ, ತೆಳುವಾದ ತಂತಿಯೊಂದನ್ನು ಒಳಗೆ ಸಾಗಿಸಿ, ಅದರ ಮೇಲೆ ಕ್ಯಾತಿಟರನ್ನು ಜಾರಿಸುತ್ತಾರೆ. ತಂತಿಯು ತಡೆಯನ್ನು ದಾಟದಿದ್ದರೆ ಪಿತ್ತರಸವು ಹೊರಗಿನ ಚೀಲಕ್ಕೆ ಮಾತ್ರ ಹರಿಯುತ್ತದೆ. ದಾಟಿದರೆ, ಬದಿಗಳಲ್ಲಿ ರಂಧ್ರಗಳಿರುವ ಕ್ಯಾತಿಟರಿನ ಮೂಲಕ ಕರುಳಿಗೂ ಹರಿಯಬಲ್ಲದು. ಕೆಲವರಿಗೆ ನಾಳವನ್ನು ತೆರೆದಿಡುವ ಸ್ಟೆಂಟ್ ಅಳವಡಿಸಲಾಗುತ್ತದೆ.

ಆಯ್ಕೆ

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಮಾಡುವ ಇಆರ್‌ಸಿಪಿ ವಿಧಾನವನ್ನು ಸಾಮಾನ್ಯವಾಗಿ ಮೊದಲು ಪರಿಗಣಿಸಲಾಗುತ್ತದೆ. ಅದು ವಿಫಲವಾದಾಗ, ಹಿಂದಿನ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆ ಮತ್ತು ಕರುಳಿನ ರಚನೆ ಬದಲಾಗಿರುವಾಗ ಅಥವಾ ತಡೆಯು ಯಕೃತ್ತಿನ ಸಮೀಪದಲ್ಲಿರುವಾಗ ಪಿಟಿಬಿಡಿ ನೆರವಿಗೆ ಬರುತ್ತದೆ.

ಅಪಾಯ ಮತ್ತು ಆರೈಕೆ

ರಕ್ತಸ್ರಾವ, ರಕ್ತದ ಸೋಂಕು, ಹೊಟ್ಟೆಯೊಳಗೆ ಪಿತ್ತರಸ ಸೋರಿಕೆ ಇದರ ಮುಖ್ಯ ಅಪಾಯಗಳು. ಪಕ್ಕೆಲುಬಿನ ನಡುವಿನಿಂದ ಹಾದುಹೋಗುವಾಗ ಶ್ವಾಸಕೋಶದ ಪೊರೆಗೂ ಗಾಯವಾಗಬಹುದು. ಪಿತ್ತರಸವು ಹೊರಗೇ ಹರಿಯುತ್ತಿದ್ದರೆ ದೇಹವು ನೀರು ಮತ್ತು ಲವಣಗಳನ್ನು ಕಳೆದುಕೊಳ್ಳುವುದರಿಂದ ಅದರ ಪ್ರಮಾಣವನ್ನು ಅಳೆದು ದಾಖಲಿಸುತ್ತಾರೆ. ಕ್ಯಾತಿಟರ್ ಕಟ್ಟಿಕೊಳ್ಳುವ ಸಾಧ್ಯತೆ ಇರುವುದರಿಂದ ಅದನ್ನು ನಿಯತವಾಗಿ ಬದಲಿಸಬೇಕಾಗುತ್ತದೆ. ಹರಿವು ಹಠಾತ್ತನೆ ನಿಂತರೆ, ರಕ್ತ ಕಾಣಿಸಿದರೆ, ಚಳಿಜ್ವರ ಬಂದರೆ ಅಥವಾ ಕೊಳವೆ ಸ್ಥಳದಿಂದ ಜಾರಿದರೆ ತುರ್ತು ವೈದ್ಯಕೀಯ ತಪಾಸಣೆ ಅಗತ್ಯ.