ನೇರಗೆರೆಯ ಹುಡುಕಾಟ: ವಾಟ್‌ನಿಂದ ಪೋಸೆಲಿಯೆವರೆಗೆ

ಜೇಮ್ಸ್ ವಾಟ್ ಎಂದರೆ ನಮಗೆ ನೆನಪಾಗುವುದು ಉಗಿಯಂತ್ರದ ಪ್ರತ್ಯೇಕ ಕಂಡೆನ್ಸರ್. ಅವನಿಗೆ ಹೆಚ್ಚು ಹೆಮ್ಮೆಯಿದ್ದದ್ದು ಬೇರೊಂದರ ಮೇಲೆ: ಸರಳುಗಳನ್ನು ಕೀಲುಗಳಿಂದ ಪೋಣಿಸಿ 1784ರಲ್ಲಿ ಪೇಟೆಂಟ್ ಪಡೆದ ಒಂದು ಜೋಡಣೆ. ಇಳಿವಯಸ್ಸಿನಲ್ಲಿ ಮಗನಿಗೆ ಬರೆದ ಪತ್ರದಲ್ಲಿ ಅವನೇ ಹಾಗೆ ಹೇಳಿಕೊಂಡಿದ್ದಾನೆ. ಯಂತ್ರಚಲನೆಯ ಸಿದ್ಧಾಂತಕ್ಕೆ ಆ ಜೋಡಣೆಯಿಂದ ಸಿಕ್ಕ ದೊಡ್ಡ ಲಾಭ ಅದರ ಕೊರತೆಯಿಂದಲೇ ಬಂತು ಎಂಬುದು ನನ್ನ ವಾದ.

ಹಳೆಯ ಯಂತ್ರದಲ್ಲಿ ಪಿಸ್ಟನ್ ತೊಲೆಯನ್ನು ಕೆಳಕ್ಕೆ ಎಳೆದರೆ ಮುಗಿಯಿತು, ಸರಪಳಿ ಸಾಕಾಗುತ್ತಿತ್ತು. ಉಗಿ ಎರಡೂ ಬದಿಯಿಂದ ಒತ್ತುವ ಯಂತ್ರ ಬಂದಾಗ ಪಿಸ್ಟನ್ ಮೇಲಕ್ಕೂ ನೂಕಬೇಕಾಯಿತು. ಸರಪಳಿಯಿಂದ ನೂಕುವುದುಂಟೆ? ಗಟ್ಟಿ ದಂಡವನ್ನೇ ಕೂಡಿಸೋಣವೆಂದರೆ ಅದು ನೆಟ್ಟಗೆ ಏರಿಳಿಯಬೇಕು, ತೊಲೆಯ ತುದಿಯೋ ಕಂಸದಲ್ಲಿ ತೂಗುತ್ತದೆ. ವಾಟ್ ಎರಡು ಸರಳುಗಳನ್ನು ಎದುರುಬದುರಾಗಿ ತೂಗಿಸಿ ನಡುವೆ ಕೊಂಡಿ ಹಾಕಿದ. ಒಂದರ ಬಾಗನ್ನು ಇನ್ನೊಂದು ತಿದ್ದುತ್ತದೆ. ಕೊಂಡಿಯ ಮೇಲಿನ ಒಂದು ಬಿಂದು ಸ್ವಲ್ಪ ದೂರ ಬಹುಮಟ್ಟಿಗೆ ನೇರವಾಗಿ ಚಲಿಸುತ್ತದೆ. ಪೂರ್ತಿ ನೇರವಾಗಿ ಅಲ್ಲ.

ಕಾರ್ಖಾನೆಗೆ ಅಷ್ಟು ಸಾಕಿತ್ತು, ರಷ್ಯಾದ ಗಣಿತಜ್ಞ ಚೆಬಿಶೇವ್‌ಗೆ ಸಾಕಾಗಲಿಲ್ಲ. 1852ರಲ್ಲಿ ಪಶ್ಚಿಮ ಯೂರೋಪಿನ ಕಾರ್ಖಾನೆಗಳನ್ನು ಸುತ್ತಿ ಬಂದವನು ಪ್ರಶ್ನೆಯನ್ನೇ ಬದಲಿಸಿದ: ತಪ್ಪು ಇದ್ದೇ ಇರುತ್ತದೆ ಎಂದಾದರೆ, ಅದರ ಗರಿಷ್ಠ ಪ್ರಮಾಣವನ್ನು ಎಷ್ಟು ಕಿರಿದಾಗಿಸಬಹುದು? 1854ರ ಪ್ರಬಂಧದಲ್ಲಿ ಇದಕ್ಕೆ ಉತ್ತರ ಹುಡುಕುತ್ತಲೇ ಅವನ ಹೆಸರಿನ ಬಹುಪದೋಕ್ತಿಗಳು ಹುಟ್ಟಿದವು. ಇಂದಿನ ಸಂಖ್ಯಾತ್ಮಕ ಲೆಕ್ಕಾಚಾರದಲ್ಲಿ ಅವುಗಳ ಬಳಕೆ ನಿತ್ಯದ್ದು. ಉಗಿಯಂತ್ರದ ನಂಟು ಮಾತ್ರ ಪಠ್ಯಪುಸ್ತಕಗಳಲ್ಲಿ ಅಪರೂಪ.

ನಿಖರ ನೇರಗೆರೆ ಬಂದದ್ದು 1864ರಲ್ಲಿ, ಫ್ರೆಂಚ್ ಸೇನೆಯ ಎಂಜಿನಿಯರ್ ಪೋಸೆಲಿಯೆಯಿಂದ. ನಾಲ್ಕು ಸಮ ಸರಳುಗಳ ವಜ್ರಾಕೃತಿ. ಅದರ ಎರಡು ಎದುರು ಮೂಲೆಗಳನ್ನು ಒಂದು ಸ್ಥಿರ ಬಿಂದುವಿಗೆ ಬಿಗಿಯುವ ಎರಡು ಉದ್ದ ಸರಳುಗಳು. ಉಳಿದ ಎರಡು ಮೂಲೆಗಳಿಗೆ ಸ್ಥಿರ ಬಿಂದುವಿನಿಂದಿರುವ ದೂರಗಳ ಗುಣಲಬ್ಧ ಬದಲಾಗದು. ಅವುಗಳಲ್ಲಿ ಒಂದನ್ನು ಏಳನೆಯ ಸರಳಿನಿಂದ ಆ ಬಿಂದುವಿನ ಮೂಲಕವೇ ಹಾಯುವ ವೃತ್ತದಲ್ಲಿ ಓಡಿಸಿದರೆ ಇನ್ನೊಂದು ನೇರಗೆರೆ ಎಳೆಯುತ್ತದೆ. ಚೆಬಿಶೇವ್‌ನ ಶಿಷ್ಯ ಲಿಪ್ಕಿನ್ ಕೂಡ 1871ರಲ್ಲಿ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡ. (ಫ್ರೆಂಚ್ ಗಣಿತಜ್ಞ ಸಾರ್ಯುಸ್ 1853ರಲ್ಲೇ ಫಲಕಗಳನ್ನು ಕೀಲಿಸಿ ನಿಖರ ನೇರ ಚಲನೆಯನ್ನು ಸಾಧಿಸಿದ್ದ, ಯಾರೂ ಗಮನಿಸಲಿಲ್ಲ.)

ಅಷ್ಟರಲ್ಲಿ ಕಾರ್ಖಾನೆಗಳು ಮುಂದೆ ಹೋಗಿದ್ದವು. ಲೋಹವನ್ನು ಸಮತಟ್ಟಾಗಿ ಹೆರೆಯುವ ಯಂತ್ರಗಳಿದ್ದುದರಿಂದ ಜಾರುಹಳಿಯ ಮೇಲೆ ಪಿಸ್ಟನ್ ದಂಡವನ್ನು ನೇರ ನಡೆಸುವುದು ಕಷ್ಟವಿರಲಿಲ್ಲ. ಪೋಸೆಲಿಯೆಯ ಸರಳುಗಳು ಲಂಡನ್ನಿನ ಸಂಸತ್ ಭವನಕ್ಕೆ ಗಾಳಿಯೂಡುವ ಯಂತ್ರದಲ್ಲಿ ಬಳಕೆಯಾದವು; ಉಳಿದಂತೆ ಅವು ಗಣಿತಜ್ಞರ ಪಾಲಾದವು. 1874ರಲ್ಲಿ ಗಣಿತಜ್ಞ ಸಿಲ್ವೆಸ್ಟರ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದರ ಕುರಿತು ಉಪನ್ಯಾಸ ಕೊಟ್ಟ. 1876ರಲ್ಲಿ, ವೃತ್ತಿಯಿಂದ ವಕೀಲನಾದ ಕೆಂಪ್, ಯಾವುದೇ ಬೀಜಗಣಿತೀಯ ವಕ್ರರೇಖೆಯ ತುಣುಕನ್ನು ಕೀಲುಸರಳುಗಳಿಂದ ಎಳೆಯಬಹುದೆಂದು ಸಾಧಿಸಹೊರಟ. ಸಾಧನೆಯಲ್ಲಿ ಬಿರುಕಿತ್ತು: ಸರಳುಗಳು ಒಂದೇ ಗೆರೆಗೆ ಮಡಿದಾಗ ಬೇರೆ ದಾರಿ ಹಿಡಿಯಬಲ್ಲವು. ಗಣಿತಜ್ಞರಾದ ಕಪೋವಿಚ್ ಮತ್ತು ಮಿಲ್ಸನ್ ಅದನ್ನು ಸರಿಪಡಿಸಿ ಪೂರ್ಣ ಸಾಧನೆ ಪ್ರಕಟಿಸಿದ್ದು 2002ರಲ್ಲಿ.