ಫೋಟೋದಾಗ ಮಕ್ಕಳು ಯಾಕಿಲ್ಲ? (ಭಾಗ 4)

ಕೆಲಗೇರಿ ಕೆರಿ ಅಂದ್ರ ನಮಗೆಲ್ಲ ಸಂಜೀ ರೀಲ್ಸ್ ಜಾಗ. ಮೊನ್ನೆ ಅಲ್ಲಿಂದ ಗಾಡಿ ಹತ್ತಿ ಒಂದು ಆಶ್ರಯ ಶಾಲೆಗೆ ಹೋದೆ. ಎಲ್ಲಿ ಅಂತ ಹೇಳೂದಿಲ್ಲ. ಫೋನ್ ತೆಗೆದ ಕೂಡಲೇ ಒಬ್ಬ ಹುಡುಗ ಮೆಲ್ಲಗೆ ಕೇಳಿದ: “ಅಕ್ಕಾ, ಇದನ್ನ ನಮ್ಮಪ್ಪ ನೋಡ್ತಾನೇನು?”

ಫೋನ್ ಒಳಗಿಟ್ಟೆ. ಅದಕ್ಕೇ ಇಲ್ಲಿ ಬರೀ ಬಾಗಿಲ ಮುಂದಿನ ಚಪ್ಪಲಿ ಸಾಲು ಅದ.

ಈಗ ಇತಿಹಾಸ ಕೇಳ್ರಿ. ಧಾರವಾಡ ಮುಂಬೈ ಪ್ರಾಂತದಾಗಿದ್ದ ಕಾಲ. ಹೊಟ್ಟೆಗಾಗಿ ಕದ್ದ ಹುಡುಗರು ದೊಡ್ಡವರ ಜೈಲಿಗೇ ಹೋಗೋದಿತ್ತು. 1919–20ರ ಜೈಲು ಸಮಿತಿ ಮಕ್ಕಳಿಗೆ ಬೇರೆ ನ್ಯಾಯಾಲಯ, ಬೇರೆ ಜಾಗ ಬೇಕು ಅಂತು. 1924ರಲ್ಲಿ ಮುಂಬೈ ಮಕ್ಕಳ ಕಾಯ್ದೆ ಬಂತು.

1986ರಲ್ಲಿ ಕೇಂದ್ರದ ಬಾಲ ನ್ಯಾಯ ಕಾಯ್ದೆ ಬಂತು. ಅದರಾಗೂ ಮನೆಯಿಲ್ಲದ ಮಗುವಿಗೆ ‘ನಿರ್ಲಕ್ಷಿತ’ ಅನ್ನೋ ಹೆಸರು. 2000ದ ಕಾಯ್ದೆ ಅದನ್ನ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಅಂತ ಬದಲಿಸಿತು. ಪದ ಬದಲಾದ್ರ ಏನಾತು ಅಂತೀರಿ? ಮೊದಲನೇದು ಮಗುವಿನ ಹಣೆಪಟ್ಟಿ, ಎರಡನೇದು ನಮ್ಮ ಹೊಣೆ.

2015ರ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಸಿಗೋ ಫೋಟೋ ಪ್ರಕಟಿಸೋ ಹಾಗಿಲ್ಲ. ತಪ್ಪಿದ್ರ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆದ್ರ ಆ ಹುಡುಗನ ಪ್ರಶ್ನೆ ಕೇಳಿದ ಮ್ಯಾಲ ದಂಡದ ಲೆಕ್ಕ ಬೇಕಾಗಲಿಲ್ಲ.

ನೀವೂ ಹೋಗ್ರಿ. ಜೊತಿಗೆ ಉಣ್ರಿ, ಗಣಿತ ಹೇಳಿಕೊಡ್ರಿ, ಕಬಡ್ಡಿ ಆಡಿ ಸೋಲ್ರಿ. ಫೋನ್ ಬ್ಯಾಗಿನ್ಯಾಗ ಇರ್ಲಿ. ದಾರ್ಯಾಗ ಒಂಟಿ ಮಗು ಕಂಡ್ರ ವಿಡಿಯೋ ಮಾಡಬ್ಯಾಡ್ರಿ, 1098ಕ್ಕ ಫೋನ್ ಹಚ್ರಿ.

#ಕೆಲಗೇರಿ #ಧಾರವಾಡ #ನಮ್ಮೂರಇತಿಹಾಸ